ಗೋಡೆ ತುಂಬ ಬೂಷ್ಟು, ಅಪ್ಪಯ್ಯ ಈಗಷ್ಟೇ ಆಸ್ಪತ್ರೆಯಿಂದ ಬಂದಿದ್ದಾರೆ. ಬ್ಲ್ಯಾಕ್ ಫಂಗಸ್ ಭಯ ಇದೆಯಾ?

ಬೆಟ್ಟದಂಚಿನ ಮನೆ · ಭಾನುವಾರ ಬೆಳಿಗ್ಗೆ 10.40

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿಯಿಂದ ಸಿದ್ದಾಪುರ ರಸ್ತೆಯಲ್ಲಿ ಒಳಗೆ ಹೋಗುವ ಊರು. ಅಪ್ಪಯ್ಯನಿಗೆ 66 ವರ್ಷ. ಜೂನ್ ಕೊನೆಗೆ ಜ್ವರ ಬಂತು. ನಾಲ್ಕನೇ ದಿನ ಉಸಿರಾಡೋದು ಕಷ್ಟ ಆಗಿ ಆಸ್ಪತ್ರೆಗೆ ಹಾಕಿದೆವು. ಎಚ್1ಎನ್1, ಅಂದರೆ ಹಂದಿಜ್ವರ ಅಂದರು. ಒಂಬತ್ತು ದಿನ ಅಲ್ಲಿದ್ದರು, ಅದರಲ್ಲಿ ಐದು ದಿನ ಆಕ್ಸಿಜನ್. ಈಗ ಮನೆಗೆ ಬಂದು ಎರಡು ವಾರ.

ನನ್ನ ಪ್ರಶ್ನೆ ಮನೆಯ ಬಗ್ಗೆ. ನೂರು ವರ್ಷದ ಮಣ್ಣಿನ ಗೋಡೆ. ಪುಷ್ಯ ಮಳೆ ಹಿಡಿದು ಕೂತಿದೆ, ಹದಿನೈದು ದಿನದಿಂದ ಬಿಸಿಲು ಕಂಡಿಲ್ಲ. ಅಪ್ಪಯ್ಯ ಮಲಗುವ ಕೋಣೆಯ ಗೋಡೆ ಕೆಳಗಿನಿಂದ ಎರಡು ಅಡಿ ಹಸಿರು-ಕಪ್ಪು ಆಗಿದೆ. ಕ್ಯಾಲೆಂಡರ್ ಎತ್ತಿದರೆ ಅದರ ಹಿಂದೆ ಬಿಳಿ ಬೂಷ್ಟು. ಕಪಾಟಿನ ಚಪ್ಪಲಿಗೂ ಬಂದಿದೆ. ನಿನ್ನೆ ನೋಡಲು ಬಂದ ನೆಂಟರೊಬ್ಬರು ಗೋಡೆ ನೋಡಿದವರೇ "ಇದೇ ಬ್ಲ್ಯಾಕ್ ಫಂಗಸ್, ಕೊರೊನಾ ಟೈಮಲ್ಲಿ ಜನರ ಕಣ್ಣು ತೆಗೆದದ್ದು ಇದಕ್ಕೇ" ಅಂದುಬಿಟ್ಟರು. ಆಯಿ ಅಳುತ್ತಾ ಕೂತಿದ್ದಾಳೆ. ಅಪ್ಪಯ್ಯನನ್ನು ಶಿರಸಿಯ ಅಣ್ಣನ ಮನೆಗೆ ಕಳಿಸಬೇಕಾ? ಗೋಡೆಗೆ ಏನು ಬಳಿಯಬೇಕು?

ಅಡಿಕೆ ಭಾವ · 10.52

ತಂಗಿ, ಮಳೆಗಾಲದಲ್ಲಿ ಬೂಷ್ಟು ಬರದ ಮನೆ ನಮ್ಮ ಸೀಮೆಯಲ್ಲಿ ಒಂದಾದರೂ ತೋರಿಸು ನೋಡೋಣ. ನಮ್ಮ ಮನೆಯ ಕಂಬಳಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬಂದಿದೆ. ಹಾಗಂತ ಕಣ್ಣು ಕಳೆದುಕೊಂಡವರು ನಮ್ಮ ಊರಲ್ಲಿ ಯಾರೂ ಇಲ್ಲ. ಆ ನೆಂಟರನ್ನು ಮುಂದಿನ ಸಲ ಚಾ ಕೊಟ್ಟು ಬಾಗಿಲಿಂದಲೇ ಕಳಿಸು.

ಹೊನ್ನಾವರ ಬಂದರು · 10.58

😂 ಒಣಮೀನಿಗೂ ಬಂದಿದೆ ಇಲ್ಲಿ.

ಮನೆಮದ್ದು · 11.10

ಸಂಜೆ ಹಾಲುಮಡ್ಡಿ ಧೂಪ ಹಾಕಿ. ಬೇವಿನ ಸೊಪ್ಪಿನ ಹೊಗೆ ಕೊಡಿ. ದಿನಕ್ಕೆ ಮೂರು ಸಲ ಅರಿಶಿನ ಹಾಕಿ ಮೂಗಿಗೆ ಹಬೆ. ನಿಂಬೆರಸ ಎರಡು ಹನಿ ಮೂಗಿಗೆ ಬಿಟ್ಟರೆ ಯಾವ ಫಂಗಸ್ಸೂ ಹತ್ತಿರ ಸುಳಿಯಲ್ಲ. 2021ರಲ್ಲಿ ನಮ್ಮ ಮನೆಯ ಎಲ್ಲರೂ ಮಾಡಿದ್ದೆವು, ಯಾರಿಗೂ ಏನೂ ಆಗಲಿಲ್ಲ.

ಭಟ್ಕಳದ ಸಿಸ್ಟರ್ · 11.21

ಏನೂ ಮಾಡದೆ ಇದ್ದ ಕೋಟಿಗಟ್ಟಲೆ ಜನರಿಗೂ ಏನೂ ಆಗಲಿಲ್ಲ, ಮನೆಮದ್ದು ಅವರೇ.

ಐದು ದಿನ ಆಕ್ಸಿಜನ್ ಮೇಲಿದ್ದ ಮನುಷ್ಯನ ಕೋಣೆಗೆ ದಯವಿಟ್ಟು ಹೊಗೆ ಹಾಕಬೇಡಿ. ಮೂಗಿಗೆ ನಿಂಬೆರಸ ಬೇಡವೇ ಬೇಡ, ಒಳಗಿನ ಪೊರೆ ಉರಿದು ಹೋಗುತ್ತದೆ.

ಬೆಟ್ಟದಂಚಿನ ಮನೆ ಅವರೇ, ಗೋಡೆ ಆಮೇಲೆ ನೋಡೋಣ. ಮೂರು ಪ್ರಶ್ನೆ ಕೇಳುತ್ತೇನೆ. ಅಪ್ಪನಿಗೆ ಶುಗರ್ ಇದೆಯಾ? ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಕೊಟ್ಟಿದ್ದರಾ, ಈಗಲೂ ತಗೊಳ್ತಿದ್ದಾರಾ? ಮನೆಗೆ ಬಂದಮೇಲೆ ಶುಗರ್ ನೋಡಿದ್ದೀರಾ?

ಬೆಟ್ಟದಂಚಿನ ಮನೆ · 11.40

ಶುಗರ್ ಇದೆ ಸಿಸ್ಟರ್, ಹನ್ನೆರಡು ವರ್ಷದಿಂದ. ಮಾತ್ರೆ ಮಾತ್ರ, ಇಂಜೆಕ್ಷನ್ ಇಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಐದು ದಿನ ಅಂತ ಇತ್ತು. ಅದು ಮುಗಿದ ಮೇಲೆ ಕೆಮ್ಮು ಜಾಸ್ತಿ ಆಯಿತು ಅಂತ ಅಪ್ಪಯ್ಯನೇ ಮೆಡಿಕಲ್ ಶಾಪಿಗೆ ಖಾಲಿ ಪಟ್ಟಿ ಕಳಿಸಿ ಮತ್ತೆರಡು ತರಿಸಿಕೊಂಡಿದ್ದಾರೆ. ನನಗೆ ಈಗ ಗೊತ್ತಾಯಿತು. ಶುಗರ್ ಮನೆಗೆ ಬಂದಮೇಲೆ ನೋಡಿಲ್ಲ. ಆಸ್ಪತ್ರೆಯಲ್ಲಿ ಕಂಟ್ರೋಲ್ ಇದೆ ಅಂದಿದ್ದರು.

ಭಟ್ಕಳದ ಸಿಸ್ಟರ್ · 11.44

ಗ್ಲುಕೋಮೀಟರ್ ಇದೆಯಾ ಮನೇಲಿ? ಈಗಲೇ ನೋಡಿ ಇಲ್ಲಿ ಹಾಕಿ.

ಘಟ್ಟ ಇಳಿದವ · 11.50

ಈ ಮೆಡಿಕಲ್ ಶಾಪಿನವರಿಗೆ ಖಾಲಿ ಪಟ್ಟಿ ತೋರಿಸಿದರೆ ಸಾಕು, ಏನು ಬೇಕಾದರೂ ಕೊಡುತ್ತಾರೆ. 2021ರಲ್ಲೂ ಆಗಿದ್ದು ಇದೇ ಅಲ್ವಾ? ಜ್ವರ ಬಂದ ಎರಡನೇ ದಿನಕ್ಕೇ ವಾಟ್ಸ್ಯಾಪಿನಲ್ಲಿ ಬಂದ ಲಿಸ್ಟ್ ಹಿಡಿದುಕೊಂಡು ಸ್ಟೀರಾಯ್ಡ್ ನುಂಗಿದರು.

ಲ್ಯಾಬಿನವ · 12.15

ಘಟ್ಟ ಇಳಿದವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಸ್ಟೀರಾಯ್ಡ್ ಕೆಟ್ಟದ್ದಲ್ಲ. ಜೀವ ಉಳಿಸಿದ ಔಷಧ ಅದು. 2020ರ ಜೂನಿನಲ್ಲಿ ಬ್ರಿಟನ್ನಿನ ರಿಕವರಿ ಅನ್ನೋ ಔಷಧ ಪ್ರಯೋಗ ತೋರಿಸಿದ್ದು ಇಷ್ಟು: ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್, ಹೆಚ್ಚೆಂದರೆ ಹತ್ತು ದಿನ, ಅದೂ ಆಕ್ಸಿಜನ್ ಬೇಕಾದ ಕೊರೊನಾ ರೋಗಿಗಳಿಗೆ. ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ನಮ್ಮಲ್ಲಿ ಬೇಕಾದವರೂ ನುಂಗಿದರು, ಬೇಡದವರೂ ನುಂಗಿದರು, ತಿಂಗಳುಗಟ್ಟಲೆ ನುಂಗಿದರು.

ಇನ್ನು ಬ್ಲ್ಯಾಕ್ ಫಂಗಸ್ ಬಗ್ಗೆ. ಅದರ ನಿಜವಾದ ಹೆಸರು ಮ್ಯೂಕರ್‌ಮೈಕೋಸಿಸ್. ಆ ಫಂಗಸ್ ಕಪ್ಪಲ್ಲ. ಅದು ರಕ್ತನಾಳದೊಳಗೆ ನುಗ್ಗಿ ರಕ್ತ ಹೆಪ್ಪುಗಟ್ಟಿಸುತ್ತದೆ, ರಕ್ತ ಹೋಗದ ಮಾಂಸ ಸತ್ತು ಕಪ್ಪಾಗುತ್ತದೆ. ಆ ಕಪ್ಪಿಗೇ ಜನ ಆ ಹೆಸರಿಟ್ಟರು. ನಿಮ್ಮ ಗೋಡೆಯ ಕಪ್ಪು ಬೂಷ್ಟು ಸಾಮಾನ್ಯವಾಗಿ ಬೇರೆ ಜಾತಿಯವು. ನಿಜವಾದ ಮ್ಯೂಕರ್ ಜಾತಿ ಇರೋದು ಕೊಳೆತ ಎಲೆ, ಗೊಬ್ಬರ, ಹಳಸಿದ ಬ್ರೆಡ್ಡು, ಮಣ್ಣಿನಲ್ಲಿ. ಅಂದರೆ ಎಲ್ಲೆಲ್ಲೂ. ನಾನು, ನೀವು, ಅಡಿಕೆ ಭಾವ ಎಲ್ಲರೂ ದಿನಾ ಉಸಿರಾಡುತ್ತಿದ್ದೇವೆ. ಮೈ ಸರಿ ಇದ್ದರೆ ಅದು ಏನೂ ಮಾಡಲ್ಲ. ಸಕ್ಕರೆ ಏರಿ, ಜೊತೆಗೆ ಸ್ಟೀರಾಯ್ಡ್ ಸೇರಿ, ಬಿಳಿ ರಕ್ತಕಣಗಳು ಮಂಕಾದಾಗ ಬೇರೂರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ.

ಅಡಿಕೆ ಭಾವ · 12.24

ಕಾಲುವೆ ಕಟ್ಟಿದರೆ ತುದಿಯ ತೋಟ ಒಣಗಿದ ಹಾಗೆ ಅನ್ನಿ.

ನಮ್ಮ ಅಡಿಕೆಯ ಕೊಳೆ ರೋಗವೂ ಫಂಗಸ್ಸೇ ಅಲ್ವಾ? ಅದಕ್ಕೆ ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೀತೇವೆ. ಮನುಷ್ಯರಿಗೂ ಹಾಗೊಂದು ಬೋರ್ಡೋ ಇದ್ದಿದ್ದರೆ ಮಳೆ ಹಿಡಿಯೋ ಮುಂಚೆ ಒಂದು ಸಲ, ನಲವತ್ತು ದಿನ ಬಿಟ್ಟು ಇನ್ನೊಂದು ಸಲ ಹೊಡೆಸಿಕೊಂಡು ಆರಾಮಾಗಿ ಇರಬಹುದಿತ್ತು.

ಲ್ಯಾಬಿನವ · 12.31

ಕೊಳೆ ರೋಗದ ಫೈಟೋಫ್ತೋರಾವನ್ನು ಈಗ ಫಂಗಸ್ ಲೆಕ್ಕಕ್ಕೆ ಹಿಡಿಯೋದಿಲ್ಲ ಭಾವ. ನೋಡೋಕೆ ಹಾಗೇ, ಆದರೆ ಸಮುದ್ರದ ಕಂದು ಪಾಚಿಗೆ ಹತ್ತಿರದ ನೆಂಟ.

ಅಡಿಕೆ ಭಾವ · 12.33

ಐವತ್ತು ವರ್ಷದಿಂದ ಪಾಚಿಗೆ ಮದ್ದು ಹೊಡೀತಿದ್ದೇನಾ ಹಾಗಾದರೆ! ಮರ ಹತ್ತಿ ಮದ್ದು ಹೊಡೆಯುವ ನಮ್ಮ ಕೊನೆಗೌಡನಿಗೆ ಹೇಳಬೇಕು.

ಯಲ್ಲಾಪುರ ಎಕ್ಸ್‌ಪ್ರೆಸ್ · 12.40

ಈ ವರ್ಷ ಅಡಿಕೆ ಕೊನೆಗೆ ಕೊಟ್ಟೆ ಕಟ್ಟಿಸಿದ್ದೀರಾ ಭಾವ ಅಥವಾ ಮದ್ದು ಮಾತ್ರವಾ? ಕೂಲಿ ಎಷ್ಟು ನಿಮ್ಮ ಕಡೆ?

ನಿರ್ವಾಹಕ · 12.42

ಅಡಿಕೆಗೆ ಬೇರೆ ಚರ್ಚೆಯ ಎಳೆ ಇದೆ. ಅಲ್ಲಿ ಹೋಗಿ.

ಬೆಟ್ಟದಂಚಿನ ಮನೆ · 1.05

ಪಕ್ಕದ ಮನೆಯಿಂದ ಗ್ಲುಕೋಮೀಟರ್ ತಂದೆ. ನಮ್ಮದರ ಪಟ್ಟಿ ಅವಧಿ ಮುಗಿದಿತ್ತು. 386 ಬಂತು. ಎರಡನೇ ಸಲ ಬೆರಳು ತೊಳೆದು ನೋಡಿದೆ, 379. ಬೆಳಿಗ್ಗೆ ತಿಂದದ್ದು ಎರಡು ತೆಳ್ಳೇವು (ತೆಳು ದೋಸೆ) ಮತ್ತು ಜೋನಿಬೆಲ್ಲ (ನೀರುಬೆಲ್ಲ). ಇಷ್ಟೇ ಅಂತ ಆಯಿ ಅಂದಳು. ಅಡುಗೆಮನೆಯಲ್ಲಿ ಗ್ಲುಕೋಸ್ ಪುಡಿಯ ಡಬ್ಬವೂ ಸಿಕ್ಕಿತು. ಶಕ್ತಿ ಬರಲಿ ಅಂತ ದಿನಕ್ಕೆ ಎರಡು ಲೋಟ ಕದಡಿ ಕೊಡುತ್ತಿದ್ದಾಳಂತೆ. ಏನು ಹೇಳೋದು.

ಭಟ್ಕಳದ ಸಿಸ್ಟರ್ · 1.09

ಆಯಿಯನ್ನು ಬೈಯಬೇಡಿ. ಕಾಯಿಲೆ ಬಿದ್ದು ಎದ್ದವರಿಗೆ ಗ್ಲುಕೋಸ್ ಕದಡಿ ಕೊಡದ ಮನೆ ನಮ್ಮ ಜಿಲ್ಲೆಯಲ್ಲಿ ಇಲ್ಲ.

ಆದರೆ ಇವತ್ತೇ ಡಾಕ್ಟರ್ ಹತ್ತಿರ ಹೋಗಿ. ಸ್ಟೀರಾಯ್ಡ್ ನೀವಾಗೇ ತಟ್ಟನೆ ನಿಲ್ಲಿಸಬೇಡಿ. ಹೇಗೆ ಇಳಿಸಬೇಕು ಅಂತ ಅವರೇ ಹೇಳಲಿ. ವಾಂತಿ, ಹೊಟ್ಟೆನೋವು, ಉಸಿರು ಜೋರಾಗಿ ಎಳೆಯುವುದು ಇದ್ದರೆ ಕಾಯಬೇಡಿ, ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾಗ ಮೈಯಲ್ಲಿ ಸೇರುವ ಆಮ್ಲ) ನೋಡಬೇಕಾಗುತ್ತದೆ.

ಇನ್ನೊಂದು. ಮುಖದ ಒಂದೇ ಕಡೆ ನೋವು, ಬಾವು, ಮರಗಟ್ಟುವುದು ಇದೆಯಾ? ಮೂಗು ಒಂದೇ ಕಡೆ ಕಟ್ಟಿದೆಯಾ, ಕಪ್ಪು ಅಥವಾ ರಕ್ತ ಬರುತ್ತಾ? ಎರಡೆರಡು ಕಾಣುತ್ತಾ? ಹಲ್ಲು ಅಲ್ಲಾಡುತ್ತಾ?

ಬೆಟ್ಟದಂಚಿನ ಮನೆ · 1.26

ಕೇಳಿದೆ. "ಬಲಗೆನ್ನೆ ಸ್ವಲ್ಪ ಭಾರ, ಮೇಲಿನ ದವಡೆ ಹಲ್ಲು ಎರಡು ದಿನದಿಂದ ನೋಯ್ತಾ ಇದೆ, ಹೇಳುವಂಥದ್ದೇನಲ್ಲ" ಅಂದರು. ಬಾಯಿ ತೆರೆಸಿ ಟಾರ್ಚ್ ಹಾಕಿದೆ. ನಾಲಗೆ ಮೇಲೆ, ಅಂಗುಳದ ಮೇಲೆ ಬಿಳಿ ಬಿಳಿ ಮೊಸರು ಅಂಟಿಕೊಂಡ ಹಾಗಿದೆ. ಕಪ್ಪು ಏನೂ ಕಾಣಲಿಲ್ಲ. ಕೈ ನಡುಗ್ತಾ ಇದೆ ನನಗೆ. ಫೋಟೋ ಹಾಕಲಾ?

ಕುಮಟಾ ದಂತವೈದ್ಯ · 1.30

ಫೋಟೋ ಹಾಕಬೇಡಿ, ಫೋಟೋ ನೋಡಿ ಇದನ್ನು ಯಾರೂ ಹೇಳಬಾರದು. ಹೊರಡಿ. ಬಿಳಿ ಇರೋದು ಬಹುಶಃ ಥ್ರಷ್, ಕ್ಯಾಂಡಿಡಾ ಅನ್ನೋ ಇನ್ನೊಂದು ಫಂಗಸ್. ಶುಗರ್ ಏರಿದವರಿಗೆ, ಸ್ಟೀರಾಯ್ಡ್ ತಗೊಳ್ಳೋರಿಗೆ ತುಂಬ ಸಾಮಾನ್ಯ. ಸುಲಭವಾಗಿ ಹೋಗುತ್ತದೆ. ಹಲ್ಲು ನೋವು ಬರೀ ಹಲ್ಲಿನದ್ದೇ ಇರಬಹುದು. ಆದರೆ ಒಂದು ಕಡೆಯ ಕೆನ್ನೆ ಭಾರ, ಮೇಲಿನ ಹಲ್ಲು ನೋವು, 386 ಶುಗರ್, ಸ್ಟೀರಾಯ್ಡ್, ಇವು ನಾಲ್ಕೂ ಒಟ್ಟಿಗೆ ಇದ್ದಾಗ ಇಎನ್‌ಟಿ (ಕಿವಿ-ಮೂಗು-ಗಂಟಲು) ಡಾಕ್ಟರು ಮೂಗಿನೊಳಗೆ ಎಂಡೋಸ್ಕೋಪ್ ಅನ್ನೋ ಕ್ಯಾಮೆರಾ ಕೊಳವೆ ಹಾಕಿ ನೋಡಲೇಬೇಕು. ನಾಳೆ ಸೋಮವಾರ ಅಂತ ಕಾಯಬೇಡಿ.

2021ರ ಜೂನಿನಲ್ಲಿ ನನ್ನ ಹತ್ತಿರ ಬಂದ ಒಬ್ಬರು ಮೇಲಿನ ಮೂರು ಹಲ್ಲು ಅಲ್ಲಾಡುತ್ತಿವೆ, ಕಿತ್ತುಬಿಡಿ ಅಂದರು. ವಸಡು ಗಟ್ಟಿ ಇತ್ತು, ಪಾಚಿ ಇರಲಿಲ್ಲ, ಆದರೂ ಮೂರೂ ಹಲ್ಲು ಒಟ್ಟಿಗೆ ಒಂದೇ ತುಂಡಿನ ಹಾಗೆ ಅಲ್ಲಾಡುತ್ತಿದ್ದವು. ಅಂದರೆ ಹಲ್ಲಿನ ತೊಂದರೆಯಲ್ಲ, ಕೆಳಗಿನ ಮೂಳೆಯೇ ಸತ್ತಿದೆ. ಕೊರೊನಾ ಆಗಿತ್ತಾ ಅಂತ ಕೇಳಿದೆ. ಇಪ್ಪತ್ತು ದಿನ ಆಯಿತು ಅಂದರು. ಹಲ್ಲು ಕೀಳಲಿಲ್ಲ, ಅವತ್ತೇ ಮೇಲಿನ ಆಸ್ಪತ್ರೆಗೆ ಕಳಿಸಿದೆ.

ಬೆಟ್ಟದಂಚಿನ ಮನೆ · 1.34

ಅಣ್ಣ ಕಾರು ತರುತ್ತಿದ್ದಾನೆ. ಹೊರಟೆವು.

ಅಡಿಕೆ ಭಾವ · 1.36

ತಂಗಿ, ನಾನು ತಮಾಷೆ ಮಾಡಿದ್ದು ತಪ್ಪಾಯಿತು. ಹುಷಾರು. ರಸ್ತೆ ಮೇಲೆ ಮರ ಬಿದ್ದಿದೆಯಂತೆ, ಕೇಳಿಕೊಂಡು ಹೋಗಿ.

ಮನೆಮದ್ದು · 2.10

ಸುಮ್ನೆ ಹೆದರಿಸಿ ಕಳಿಸಿದಿರಿ ಪಾಪ. ಬಿಳಿ ಇದ್ದರೆ ವೈಟ್ ಫಂಗಸ್ ಅಂತ ಟಿವಿಯಲ್ಲಿ ಬಂದಿತ್ತು, ಅದು ಇನ್ನೂ ಅಪಾಯ ಅಂದಿದ್ದರು. ಆಮೇಲೆ ಯೆಲ್ಲೋ ಫಂಗಸ್ ಬೇರೆ.

ಲ್ಯಾಬಿನವ · 2.18

ಹೆದರಿಸಿದ್ದು ಯಾರು ಈಗ?

ಬಣ್ಣದ ಹೆಸರು ಇಡಬೇಡಿ, ಗೊಂದಲ ಆಗುತ್ತದೆ ಅಂತ ಆಗಿನ ಏಮ್ಸ್ ನಿರ್ದೇಶಕರೇ 2021ರ ಮೇನಲ್ಲಿ ಹೇಳಿದ್ದರು. ಬಿಳಿ ಅಂದರೆ ಹೆಚ್ಚಾಗಿ ಕ್ಯಾಂಡಿಡಾ, ಬಾಯಿಗೆ ಬಂದರೆ ಹನಿ ಅಥವಾ ಮಾತ್ರೆಯಲ್ಲಿ ವಾಸಿ. ಹೆಸರು ಯಾಕೆ ಮುಖ್ಯ ಅಂದರೆ ಮದ್ದು ಬೇರೆ ಬೇರೆ. ಕ್ಯಾಂಡಿಡಾಕ್ಕೆ ಹಾಕುವ ಫ್ಲುಕೋನಜೋಲ್ ಮ್ಯೂಕರ್ ಮೇಲೆ ಕೆಲಸ ಮಾಡಲ್ಲ. ಆಸ್ಪರ್ಜಿಲಸ್ ಅನ್ನೋ ಮತ್ತೊಂದು ಫಂಗಸ್ಸಿಗೆ ಹಾಕುವ ವೊರಿಕೊನಜೋಲ್ ಕೂಡ ಮ್ಯೂಕರಿಗೆ ಆಗಲ್ಲ. ಹಾಗಾಗಿ ಯಾವುದು ಅಂತ ನೋಡಲೇಬೇಕು.

ಹೇಗೆ ನೋಡುತ್ತೇವೆ ಅಂತ ಕೇಳಿ, ನನಗೆ ಇದರಲ್ಲಿ ಬಹಳ ಆಸಕ್ತಿ. ಮೂಗಿನಿಂದ ತೆಗೆದ ಚೂರನ್ನು ಗಾಜಿನ ಮೇಲಿಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕುತ್ತೇವೆ. ಸ್ವಲ್ಪ ಹೊತ್ತಿಗೆ ಮಾಂಸ ಕರಗಿ ತಿಳಿಯಾಗುತ್ತದೆ, ಫಂಗಸ್ಸಿನ ಗೋಡೆ ಮಾತ್ರ ಕರಗದೆ ಉಳಿಯುತ್ತದೆ. ಮ್ಯೂಕರ್ ಆದರೆ ಅಗಲವಾದ ಪಟ್ಟಿಗಳು, ಒದ್ದೆ ಬಾಳೆಪಟ್ಟೆ ಅಲ್ಲಲ್ಲಿ ಮಡಚಿಕೊಂಡ ಹಾಗೆ. ನಡುವೆ ಅಡ್ಡಗೋಡೆ ಇರೋದೇ ಅಪರೂಪ, ಕೊಂಬೆ ಒಡೆಯುವುದು ಹೆಚ್ಚುಕಡಿಮೆ ಲಂಬಕೋನದಲ್ಲಿ. ಆಸ್ಪರ್ಜಿಲಸ್ ಸಣ್ಣ ಎಳೆ, ಗೆಣ್ಣು ಗೆಣ್ಣಾಗಿ ಅಡ್ಡಗೋಡೆ, ಕವಣೆಯ ಕವಲಿನ ಹಾಗೆ ಒಡೆಯುತ್ತದೆ. ಒಂದು ಗಂಟೆಯೊಳಗೆ ಹೇಳಬಹುದು.

ಆದರೆ ಎಷ್ಟೋ ಸಲ ಸ್ಯಾಂಪಲ್ ಪೂರ್ತಿ ಫಾರ್ಮಲಿನ್ ಅನ್ನೋ ಕೆಡದಂತೆ ಇಡುವ ದ್ರವದಲ್ಲಿ ಮುಳುಗಿಸಿ ಕಳಿಸುತ್ತಿದ್ದರು. ಬಯಾಪ್ಸಿಗೆ ಅದು ಸರಿ. ಬೆಳೆಸಿ ನೋಡುವುದಕ್ಕೆ ಸಲೈನಿನಲ್ಲಿ, ಅಂದರೆ ಉಪ್ಪುನೀರಿನಲ್ಲಿ ಬೇರೆ ಚೂರು ಬೇಕು, ಫಾರ್ಮಲಿನ್ನಿನಲ್ಲಿ ಸತ್ತದ್ದು ಬೆಳೆಯಲ್ಲ. ಇನ್ನೊಂದು ತಮಾಷೆ ಏನೆಂದರೆ ಮ್ಯೂಕರ್ ಚೂರನ್ನು ಅರೆಯಬಾರದು, ಸಣ್ಣಗೆ ಕತ್ತರಿಸಬೇಕು. ಅರೆದರೆ ಆ ಪಟ್ಟಿ ಒಡೆದು ಸಾಯುತ್ತದೆ. ಮನುಷ್ಯನ ಮೂಳೆ ತಿನ್ನುವ ಫಂಗಸ್ಸು, ಅರೆಯುವ ಕಲ್ಲಿಗೆ ತಡೆಯಲ್ಲ.

ಕಾಳಿ ತೀರ · 2.50

ಕಾರವಾರದಿಂದ. ಈ ಎಳೆ ಓದಿ ಹೊಟ್ಟೆ ಕಿವುಚಿತು. ನಮ್ಮ ಮಾವನಿಗೆ 2021ರ ಮೇ ಕೊನೆಗೆ ಮ್ಯೂಕರ್ ಬಂತು. ಅದರ ಮದ್ದು ಆಂಫೋಟೆರಿಸಿನ್, ಆ ಹೆಸರು ಕಲಿತದ್ದೇ ಆವಾಗ. ಲೈಪೋಸೋಮಲ್ ಅಂತ ಇನ್ನೊಂದು ಪದ, ಕೊಬ್ಬಿನ ಕಣದೊಳಗೆ ತುಂಬಿದ ಅದೇ ಔಷಧ. ಕೆಜಿಗೆ 5 ಮಿಲಿಗ್ರಾಂ ಲೆಕ್ಕ. ಮಾವ 60 ಕೆಜಿ, ಅಂದರೆ ದಿನಕ್ಕೆ 300. ಒಂದು ಬಾಟಲಿಯಲ್ಲಿ 50 ಮಾತ್ರ. ದಿನಕ್ಕೆ ಆರು ಬಾಟಲಿ, ಅದೂ ವಾರಗಟ್ಟಲೆ. ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಆಸ್ಪತ್ರೆ ಮೂಲಕ ಅರ್ಜಿ ಹಾಕಬೇಕು, ಸರ್ಕಾರ ಹಂಚಬೇಕು. ನಾನು ರಾತ್ರಿ ಎರಡು ಗಂಟೆಗೆ ಗೋವಾ, ಬೆಳಗಾವಿ, ಮಂಗಳೂರು ಅಂತ ಫೋನ್ ಹಚ್ಚುತ್ತಾ ಕೂತಿರುತ್ತಿದ್ದೆ. ಒಂದು ದಿನ ಆರರ ಬದಲು ಎರಡು ಸಿಕ್ಕಿತು. ಆ ಎರಡನ್ನು ನೋಡಿ ಅತ್ತೆ ಅತ್ತದ್ದು ಖುಷಿಗೋ ದುಃಖಕ್ಕೋ ಇವತ್ತಿಗೂ ಗೊತ್ತಿಲ್ಲ.

ಜೂನ್ 12ಕ್ಕೆ ಜಿಎಸ್‌ಟಿ ಕೌನ್ಸಿಲ್ ಆ ಔಷಧದ ತೆರಿಗೆ ಸೊನ್ನೆ ಮಾಡಿತು. ಮಾವ ಹೋಗಿ ನಾಲ್ಕು ದಿನ ಆಗಿತ್ತು.

ಹೊನ್ನಾವರ ಬಂದರು · 2.55

🙏

ಭಟ್ಕಳದ ಸಿಸ್ಟರ್ · 3.12

ಆ ಔಷಧ ಹಾಕಿದ ಕೈ ನನ್ನದು. ಹಳದಿ ಬಣ್ಣ. ಡೆಕ್ಸ್‌ಟ್ರೋಸಿನಲ್ಲೇ, ಅಂದರೆ ಸಕ್ಕರೆ ನೀರಿನಲ್ಲೇ ಕಲಸಬೇಕು, ಸಲೈನ್ ಸೋಕಿದರೆ ಒಡೆದ ಹಾಲಿನ ಹಾಗೆ ಕೆಡುತ್ತದೆ. ಶುಗರ್ ರೋಗಿಗೆ ಡೆಕ್ಸ್‌ಟ್ರೋಸ್! ಹಾಗಾಗಿ ಜೊತೆಗೇ ಇನ್ಸುಲಿನ್ ಲೆಕ್ಕ. ಲೈಪೋಸೋಮಲ್ ಸಿಗದೆ ಹಳೆಯ ಮಾಮೂಲಿ ಆಂಫೋಟೆರಿಸಿನ್ ಹಾಕಿದಾಗ ಮಂಚ ಅಲ್ಲಾಡುವಷ್ಟು ಚಳಿ ಬರುತ್ತಿತ್ತು. ದಿನಾ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಪೊಟ್ಯಾಸಿಯಂ ನೋಡಬೇಕು. ಮೂತ್ರಪಿಂಡಕ್ಕೆ ಪೆಟ್ಟು, ಪೊಟ್ಯಾಸಿಯಂ ಇಳಿದರೆ ಹೃದಯಕ್ಕೆ ಪೆಟ್ಟು. ಔಷಧ ಒಂದೇ ಸಾಕಾಗುವುದೂ ಇಲ್ಲ, ಸತ್ತ ಭಾಗಕ್ಕೆ ರಕ್ತವೇ ಹೋಗದ ಮೇಲೆ ಔಷಧ ಹೇಗೆ ಹೋಗುತ್ತದೆ? ಕತ್ತರಿಸಿ ತೆಗೆಯಲೇಬೇಕು.

ಘಟ್ಟ ಇಳಿದವ · 3.30

ಮೂಲ ಸಮಸ್ಯೆ ಯಾರೂ ಹೇಳುತ್ತಿಲ್ಲ. ಇಷ್ಟು ದೊಡ್ಡ ಜಿಲ್ಲೆ, ಏನೇ ದೊಡ್ಡದು ಬಂದರೂ ಹುಬ್ಬಳ್ಳಿ, ಮಣಿಪಾಲ, ಗೋವಾ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಇಡೀ ಜಿಲ್ಲೆ ಕೂಗಿತು. ಈ ತಂಗಿ ಈಗ ಮಳೆಯಲ್ಲಿ ಎಲ್ಲಿಗೆ ಹೋಗಬೇಕು?

ಕಾಳಿ ತೀರ · 3.36

ಕಾರವಾರದಲ್ಲಿ ಮೆಡಿಕಲ್ ಕಾಲೇಜ್ ಇದೆ ಮಾರಾಯ್ರೆ, ಏನೂ ಇಲ್ಲ ಅಂತ ಹೇಳಬೇಡಿ. 2020ರಲ್ಲಿ ಭಟ್ಕಳದ ಕೊರೊನಾ ರೋಗಿಗಳನ್ನು ನೋಡಿಕೊಂಡದ್ದು ಇಲ್ಲಿನ ನೇವಿಯ ಪತಂಜಲಿ ಆಸ್ಪತ್ರೆ.

ಘಟ್ಟ ಇಳಿದವ · 3.39

ಶಿರಸಿಯವರಿಗೆ ಕಾರವಾರಕ್ಕಿಂತ ಹುಬ್ಬಳ್ಳಿಯೇ ಹತ್ತಿರ. ಘಟ್ಟ ಇಳಿಯೋದು ಮಳೆಗಾಲದಲ್ಲಿ ಅಂದರೆ ಗೊತ್ತಲ್ಲ. 2024ರಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಬಂದ್.

ನಿರ್ವಾಹಕ · 3.41

ಇಬ್ಬರೂ ಸರಿ. ಮುಂದೆ ಹೋಗೋಣ.

ಒಂಟಿಗಣ್ಣ · 4.20

ಇಲ್ಲಿ ನಾನು ಬರೆಯೋದು ಕಡಿಮೆ. ಇವತ್ತು ಬರೆಯುತ್ತೇನೆ.

ಹೆಸರೇ ಹೇಳುತ್ತದೆ, ಎಡಗಣ್ಣು ಇಲ್ಲ. ಮೇಲಿನ ಎಡದವಡೆಯೂ ಅರ್ಧ ಇಲ್ಲ. ಎರಡನೇ ಅಲೆಯಲ್ಲಿ ಕೊರೊನಾ ಬಂತು. ಆಕ್ಸಿಜನ್ ಬೇಕಾಗಲಿಲ್ಲ, ಮನೆಯಲ್ಲೇ ಇದ್ದೆ. ಪರಿಚಯದವರು ಕೊಟ್ಟ ಮಾತ್ರೆ ಹದಿನೆಂಟು ದಿನ ನುಂಗಿದೆ. ಅದು ಸ್ಟೀರಾಯ್ಡ್ ಅಂತ ಗೊತ್ತಿರಲಿಲ್ಲ. ಹಸಿವು ಚೆನ್ನಾಗಿ ಆಗುತ್ತಿತ್ತು, ಮುಖ ದುಂಡಗಾಯಿತು, ಎಲ್ಲರೂ ಕಳೆ ಬಂತು ಅಂದರು. ಶುಗರ್ ನನಗೆ ಇಲ್ಲ ಅಂತಲೇ ತಿಳಿದಿದ್ದೆ. ಆಸ್ಪತ್ರೆಯಲ್ಲಿ ನೋಡಿದಾಗ 440.

ಮೊದಲು ಬಂದದ್ದು ಹಲ್ಲು ನೋವು. ಆಮೇಲೆ ಎಡಗೆನ್ನೆ ಜುಂ ಅಂತ, ಕ್ಷೌರ ಮಾಡುವಾಗ ಬ್ಲೇಡು ತಾಗಿದರೂ ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ಬೀದಿ ದೀಪ ಎರಡೆರಡು ಕಂಡಿತು. ಬೆಳಿಗ್ಗೆ ರೆಪ್ಪೆ ಬಿದ್ದುಹೋಗಿತ್ತು, ಬೆರಳಿನಿಂದ ಎತ್ತಿದರೆ ಕತ್ತಲೆ. ಹಲ್ಲು ನೋವಿನಿಂದ ಕತ್ತಲೆಯವರೆಗೆ ಆರು ದಿನ. ಆ ಆರು ದಿನ ನಾನು ಲವಂಗ ಇಟ್ಟುಕೊಂಡು ಕೂತಿದ್ದೆ.

ಹುಬ್ಬಳ್ಳಿಯಲ್ಲಿ ಆಪರೇಷನ್. ಕಣ್ಣು ತೆಗೆಯದೆ ಇದ್ದರೆ ಮೆದುಳಿಗೆ ಹೋಗುತ್ತದೆ ಅಂದರು. ಸಹಿ ಹಾಕಿದ್ದು ನನ್ನ ಹೆಂಡತಿ.

ಕಣ್ಣಿಗೆ ಹೊಂದಿಕೊಂಡೆ. ಬಾಯಿಗೆ ಹೊಂದಿಕೊಳ್ಳೋದು ಕಷ್ಟ. ಅಂಗುಳದಲ್ಲಿ ತೂತು ಇದೆಯಲ್ಲ, ಪ್ಲೇಟ್ ಹಾಕದೆ ಚಾ ಕುಡಿದರೆ ಮೂಗಿನಲ್ಲಿ ಬರುತ್ತದೆ. ಮೊದಲು ನಾನು ಊರಿನ ಯಕ್ಷಗಾನ ಸಂಘದಲ್ಲಿ ಭಾಗವತಿಕೆ ಮಾಡುತ್ತಿದ್ದೆ, ಪದ ಹಾಡುತ್ತಿದ್ದೆ. ಆರು ತಿಂಗಳು ಮಾತೇ ಯಾರಿಗೂ ಅರ್ಥ ಆಗುತ್ತಿರಲಿಲ್ಲ. ಈಗ ಪ್ಲೇಟ್ ಹಾಕಿಕೊಂಡು ಮನೆಯಲ್ಲಿ ತಾಳ ಹಿಡಿದು ಹಾಡುತ್ತೇನೆ. ಏರು ಪದ ಬಂದಾಗ ಪ್ಲೇಟ್ ಸಡಿಲ ಆಗಿ ಶಿಳ್ಳೆ ಹೊಡೆಯುತ್ತದೆ. ಮೊಮ್ಮಗಳಿಗೆ ಅದೇ ಇಷ್ಟ, ಮತ್ತೆ ಮಾಡು ಅಜ್ಜ ಅನ್ನುತ್ತಾಳೆ.

ಆ ಹುಡುಗಿ ಟಾರ್ಚ್ ಹಾಕಿ ಬಾಯಿ ನೋಡಿದಳಲ್ಲ. ನನ್ನ ಬಾಯಿಯನ್ನು ಆ ಆರು ದಿನದಲ್ಲಿ ಯಾರೂ ನೋಡಲಿಲ್ಲ, ನಾನೂ ನೋಡಿಕೊಳ್ಳಲಿಲ್ಲ.

ಅಡಿಕೆ ಭಾವ · 4.31

ಅಣ್ಣಾ.

ಮನೆಮದ್ದು · 4.45

ಓದಿದೆ ಅಣ್ಣ. ನಿಂಬೆರಸದ ಮಾತು ವಾಪಸ್ ತಗೊಳ್ಳುತ್ತೇನೆ.

ಅಂಕೋಲಾ ಹೈದ · 5.05

ಒಂದು ಸಂಶಯ. ಆಕ್ಸಿಜನ್ ಸಿಲಿಂಡರಿನ ಕೊಳಕು ನೀರು, ಕಾರ್ಖಾನೆಯ ಆಕ್ಸಿಜನ್, ಒಂದೇ ಮಾಸ್ಕ್ ವಾರಗಟ್ಟಲೆ ಹಾಕಿದ್ದು, ಇದರಿಂದ ಬಂತು ಅಂತ ಆಗ ಎಲ್ಲರೂ ಹೇಳುತ್ತಿದ್ದರು. ಸಗಣಿಯಿಂದ ಅಂತಲೂ ಹೇಳಿದರು. ನಮ್ಮ ಕೊಟ್ಟಿಗೆ ಮನೆಗೇ ಅಂಟಿಕೊಂಡಿದೆ. ಮಂಗನ ಕಾಯಿಲೆ ಆದವರಿಗೂ ಬರುತ್ತದಾ?

ಲ್ಯಾಬಿನವ · 5.30

ಆಕ್ಸಿಜನ್ ನೀರು, ಮಾಸ್ಕು, ಸಗಣಿ, ಜಿಂಕ್ ಮಾತ್ರೆ, ಎಲ್ಲಕ್ಕೂ ಯಾರೋ ಒಬ್ಬರು ಬೆರಳು ತೋರಿಸಿದರು. ಯಾವುದೂ ಗಟ್ಟಿಯಾಗಿ ಸಾಬೀತಾಗಲಿಲ್ಲ. ಒಂಟಿಗಣ್ಣ ಅವರನ್ನೇ ನೋಡಿ, ಅವರು ಆಕ್ಸಿಜನ್ ಮುಟ್ಟಿಯೇ ಇಲ್ಲ.

ಗಟ್ಟಿಯಾಗಿ ಸಿಕ್ಕಿದ್ದು ಸಕ್ಕರೆ ಮತ್ತು ಸ್ಟೀರಾಯ್ಡ್. ಕೊರೊನಾ ಬರುವ ಮೊದಲೂ ನಮ್ಮ ದೇಶದಲ್ಲಿ ಮ್ಯೂಕರ್ ಬೇರೆ ದೇಶಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು, ಹತೋಟಿಯಿಲ್ಲದ ಶುಗರ್‌ನಿಂದ. 2020ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ದೇಶದ 16 ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದಾಗ 287 ಮ್ಯೂಕರ್ ರೋಗಿಗಳು ಸಿಕ್ಕಿದರು, ಅದರಲ್ಲಿ 187 ಜನ ಕೊರೊನಾ ಆದವರು. ಇದು ಎರಡನೇ ಅಲೆಗೂ ಮೊದಲು! ಆಗಲೇ ಗಂಟೆ ಬಾರಿಸಿತ್ತು, ಯಾರಿಗೂ ಕೇಳಲಿಲ್ಲ. 2021ರ ಜುಲೈಗೆ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕ 45,374 ಪ್ರಕರಣ, 4,332 ಸಾವು.

ವೈರಸ್ ಯಾವುದೇ ಇರಲಿ, ಮೈಯನ್ನು ಎಷ್ಟು ಸೋಲಿಸಿದೆ, ಜೊತೆಗೆ ಏನು ಕೊಟ್ಟರು ಅನ್ನೋದು ಮುಖ್ಯ. ಇನ್ಫ್ಲುಯೆಂಜಾ (ಎಚ್1ಎನ್1 ಅದರದ್ದೇ ಒಂದು ಬಗೆ) ಜೋರಾಗಿ ಐಸಿಯು ಸೇರಿದವರ ಶ್ವಾಸಕೋಶಕ್ಕೆ ಆಸ್ಪರ್ಜಿಲಸ್ ಬರುವುದುಂಟು. ಸುಮ್ಮನೆ ಜ್ವರ ಬಂದು ಹೋದವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ಅಂಕೋಲಾ ಹೈದ · 5.34

ಕೊಟ್ಟಿಗೆ?

ಭಟ್ಕಳದ ಸಿಸ್ಟರ್ · 5.48

ಕೊಟ್ಟಿಗೆ ಇರಲಿ. ಸ್ಟೀರಾಯ್ಡ್ ತಗೊಳ್ಳುವವರು, ಈಗಷ್ಟೇ ಎದ್ದವರು ಒಂದೆರಡು ತಿಂಗಳು ಗೊಬ್ಬರಗುಂಡಿ ಕೆದಕಬಾರದು, ದರಕು (ಒಣ ಎಲೆ) ಗುಡಿಸಬಾರದು, ಅಟ್ಟ ಕೊಡವಬಾರದು. ಮಣ್ಣಿನ ಕೆಲಸ ಬೇರೆಯವರು ಮಾಡಲಿ. ಗೋಡೆಯ ಬೂಷ್ಟೂ ಅಷ್ಟೇ. ರೋಗಿಯನ್ನು ಬೇರೆ ಕೋಣೆಗೆ ಕಳಿಸಿ, ಗಾಳಿ ಆಡುವ ಒಣ ಜಾಗಕ್ಕೆ. ಇನ್ನೊಬ್ಬರು ಮಾಸ್ಕ್ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಲಿ. ಒಣ ಪೊರಕೆ ತಗೊಂಡು ಕೆರೆದರೆ ಪುಡಿ ಎಲ್ಲ ಗಾಳಿಗೆ. ಬ್ಲೀಚಿಂಗ್ ಪುಡಿ ತೆಳ್ಳಗೆ ಕದಡಿ ಒರೆಸಬಹುದು, ಕಿಟಕಿ ತೆಗೆದಿರಲಿ. ಅದಕ್ಕೆ ಟಾಯ್ಲೆಟ್ ಆಸಿಡ್ ಮಾತ್ರ ಬೆರೆಸಬೇಡಿ, ಕ್ಲೋರಿನ್ ಗಾಳಿ ಎದ್ದು ಎದೆ ಹಿಡಿಯುತ್ತದೆ.

ಯಲ್ಲಾಪುರ ಎಕ್ಸ್‌ಪ್ರೆಸ್ · 6.02

ಮಣ್ಣಿನ ಗೋಡೆಗೆ ಡಿಸ್ಟೆಂಪರ್ ಬಳಿದಿದ್ದರೆ ಅದೇ ತಪ್ಪು. ಸುಣ್ಣ ಬಳಿಯಿರಿ, ಗೋಡೆ ಉಸಿರಾಡುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ದೀಪಾವಳಿಗೆ ಸುಣ್ಣ ಕಡ್ಡಾಯ.

ಅಡಿಕೆ ಭಾವ · 6.05

ಸುಣ್ಣಕ್ಕೆ ಮೈಲುತುತ್ತ ಸೇರಿಸಿದರೆ?

ನಿರ್ವಾಹಕ · 6.06

ಭಾವ...

ಬೆಟ್ಟದಂಚಿನ ಮನೆ · ಸೋಮವಾರ ಮಧ್ಯಾಹ್ನ 12.15

ನಿನ್ನೆ ಶಿರಸಿಯಲ್ಲಿ ಡಾಕ್ಟರು ನೋಡಿದ ತಕ್ಷಣ ಹುಬ್ಬಳ್ಳಿಗೆ ಹೋಗಿ ಅಂದರು. ರಾತ್ರಿ ತಲುಪಿದೆವು. ಅಷ್ಟು ಹೊತ್ತಿಗೆ ಶುಗರ್ 412. ಮೂತ್ರದಲ್ಲಿ ಕೀಟೋನ್ ಇಲ್ಲ. ಇನ್ಸುಲಿನ್ ಶುರು ಮಾಡಿದರು.

ಇವತ್ತು ಬೆಳಿಗ್ಗೆ ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ನೋಡಿದರು. ಪರದೆಯಲ್ಲಿ ನಮಗೂ ತೋರಿಸಿದರು. ಒಳಗೆಲ್ಲ ಗುಲಾಬಿ, ಕಪ್ಪು ಎಲ್ಲೂ ಇಲ್ಲ. ಆದರೂ ಒಂದು ಚೂರು ತೆಗೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪರೀಕ್ಷೆ ಮಾಡಿದರು, ಫಂಗಸ್ ಎಳೆ ಕಾಣಲಿಲ್ಲ. ಲ್ಯಾಬಿನವರು ಹೇಳಿದ್ದು ನೆನಪಾಗಿ ಬಯಾಪ್ಸಿ ಚೂರು ಬೇರೆ, ಸಲೈನಿನ ಚೂರು ಬೇರೆ ಅಲ್ವಾ ಅಂತ ಕೇಳಿದೆ. ಸ್ಯಾಂಪಲ್ ತಗೊಂಡು ಹೋಗುವ ಹುಡುಗ ನನ್ನನ್ನು ಡಾಕ್ಟರ್ ಅಂದುಕೊಂಡ. ಸಿಟಿ ಸ್ಕ್ಯಾನಿನಲ್ಲಿ ಬಲಗಡೆ ಮೇಲಿನ ದವಡೆ ಹಲ್ಲಿನ ಬುಡದಲ್ಲಿ ಕೀವು ಇದೆ, ಕೆನ್ನೆ ಭಾರ ಅದರಿಂದಲೇ ಅಂತ ಈಗಿನ ಅಂದಾಜು. ನಾಲಗೆಯದ್ದು ಕ್ಯಾಂಡಿಡಾ. ಬಯಾಪ್ಸಿ ರಿಪೋರ್ಟ್ ಬರಬೇಕು, ವಾರ ಬಿಟ್ಟು ಮತ್ತೆ ಮೂಗು ನೋಡುತ್ತಾರಂತೆ. ಸ್ಟೀರಾಯ್ಡ್ ಇಳಿಸುವ ಪಟ್ಟಿ ಬರೆದುಕೊಟ್ಟಿದ್ದಾರೆ.

ಲ್ಯಾಬಿನವ · 12.19

ಅಬ್ಬಾ. ಡಾಕ್ಟರ್ ಮೇಡಂ, ಬಯಾಪ್ಸಿ ಬಂದ ಮೇಲೆ ಇಲ್ಲಿ ಹಾಕಿ.

ಕುಮಟಾ ದಂತವೈದ್ಯ · 12.40

ಒಳ್ಳೆ ಸುದ್ದಿ. ಶುಗರ್ ಇಳಿಯುವವರೆಗೆ ಹಲ್ಲು ಕೀಳಿಸಲು ಆತುರ ಬೇಡ, ಅವರು ಹೇಳಿದ ಆಂಟಿಬಯೋಟಿಕ್ ಮುಗಿಸಲಿ. ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದಿಡಬೇಕು, ಅದಕ್ಕೂ ಕ್ಯಾಂಡಿಡಾ ಅಂಟಿಕೊಳ್ಳುತ್ತದೆ.

ಒಂಟಿಗಣ್ಣ · 1.10

ರಾತ್ರಿ ನಿದ್ದೆ ಬಂದಿರಲಿಲ್ಲ. ಈಗ ಮಲಗುತ್ತೇನೆ.

ಬೆಟ್ಟದಂಚಿನ ಮನೆ · ಬುಧವಾರ ಸಂಜೆ 5.30

ಮನೆಗೆ ಬಂದೆವು. ಅಪ್ಪಯ್ಯ ಜಗುಲಿ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ, ಅಲ್ಲಿ ಎರಡು ಕಿಟಕಿ. ಹಳೆ ಕೋಣೆಯ ಗೋಡೆ ಅಣ್ಣ ಒರೆಸಿದ. ಇವತ್ತು ಬೆಳಿಗ್ಗೆ ನೋಡಿದರೆ ಕ್ಯಾಲೆಂಡರ್ ಹಿಂದೆ ಮತ್ತೆ ಬಿಳಿ. ಬಿಡಿ.

ಶುಗರ್ ಬೆಳಿಗ್ಗೆ ಖಾಲಿ ಹೊಟ್ಟೆಗೆ 168. ದಿನಕ್ಕೆ ನಾಲ್ಕು ಸಲ ನೋಡಿ ಕ್ಯಾಲೆಂಡರಿನಲ್ಲೇ ಬರೆಯುತ್ತಿದ್ದೇನೆ. ಆಯಿ ಗ್ಲುಕೋಸ್ ಡಬ್ಬ ದನದ ಅಕ್ಕಚ್ಚಿಗೆ ಸುರಿದಳು. ಒಂದೆಲಗದ ತಂಬುಳಿ, ಚಪಾತಿ ಅಂತ ನಡೀತಿದೆ. ಈಗ ಮನೆಯಲ್ಲಿ ದೊಡ್ಡ ಜಗಳ ಜೋನಿಬೆಲ್ಲದ್ದು. ತೆಳ್ಳೇವು ಕೊಟ್ಟು ಜೋನಿಬೆಲ್ಲ ಕೊಡದೆ ಇದ್ದರೆ ಅದು ಯಾವ ಸೀಮೆ ತಿಂಡಿ ಅಂತ ಅಪ್ಪಯ್ಯ ಎರಡು ದಿನದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.

ಅಡಿಕೆ ಭಾವ · 5.36

ಅದು ಮಾತ್ರ ನ್ಯಾಯವಾದ ಪ್ರಶ್ನೆ. ಡಬ್ಬ ಎಲ್ಲಿಟ್ಟಿದ್ದೀ?

ಬೆಟ್ಟದಂಚಿನ ಮನೆ · 5.38

ಅಟ್ಟದ ಮೇಲೆ. ಅಟ್ಟ ಹತ್ತಬಾರದು ಅಂತ ಸಿಸ್ಟರ್ ಹೇಳಿದ್ದಾರಲ್ಲ.